ಅಕ್ಕ ನೋಡಿ ಒಪ್ಪಿದ ಜಾಗ

ಅಕ್ಕ ಎಂದರೆ ನನ್ನ ಒಡಹುಟ್ಟಿದವರಲ್ಲ, ಓರಗಿತ್ತಿ. ನನ್ನ ಗಂಡನ ಅಣ್ಣನ ಹೆಂಡತಿ. ಭಾವ ಮುಂಬೈಯಲ್ಲಿ ತೀರಿಕೊಂಡ ಮೇಲೆ ಅಲ್ಲಿ ಇಬ್ಬರೂ ಸೇರಿ ನಡೆಸುತ್ತಿದ್ದ ಖಾನಾವಳಿಯನ್ನು ಮುಚ್ಚಿ, ಒಂದು ಟ್ರಂಕು ಮತ್ತು ಒಂದು ದೊಡ್ಡ ಹಿತ್ತಾಳೆ ಪಾತ್ರೆಯೊಂದಿಗೆ ಬ್ರಹ್ಮಾವರದ ನಮ್ಮ ಮನೆಗೆ ಬಂದರು. ಮಕ್ಕಳಿರಲಿಲ್ಲ. ಆಗ ನನ್ನ ಮಗಳು ಇನ್ನೂ ಗೋಡೆ ಹಿಡಿದು ನಡೆಯುತ್ತಿದ್ದಳು. ನಾನು ಹಾಲಾಡಿ ಕಡೆಯ ಶಾಲೆಯೊಂದರಲ್ಲಿ ಟೀಚರ್. ಬೆಳಿಗ್ಗೆ ಬಸ್ಸು ಹತ್ತಿದರೆ ತಿರುಗಿ ಮನೆ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ನನ್ನ ಗಂಡನಿಗೆ ಬಸ್‌ಸ್ಟ್ಯಾಂಡಿನ ಹತ್ತಿರ ಸಣ್ಣ ಹೋಟೆಲು, ಅವರು ಬೆಳಕು ಹರಿಯುವ ಮೊದಲೇ ಹೊರಡುವವರು. ಅಕ್ಕ ಬಂದ ಮಾರನೆಯ ದಿನವೇ ಅಡುಗೆಮನೆ, ಮಗು, ಹಟ್ಟಿಯಲ್ಲಿದ್ದ ಒಂದು ದನ, ಎಲ್ಲವೂ ಅವರ ಕೈಗೆ ಹೋಯಿತು. ಯಾರೂ ಹಾಗೆಂದು ಮಾತಾಡಿ ತೀರ್ಮಾನಿಸಿದ್ದಲ್ಲ. ನಾನು ಶಾಲೆಗೆ ಹೋಗುವುದನ್ನು ಬಿಡಬೇಕೇ ಎಂದು ಯೋಚಿಸುತ್ತಿದ್ದ ಕಾಲ ಅದು. ಬಿಡಬೇಕಾಗಿ ಬರಲಿಲ್ಲ. ನಿವೃತ್ತಿಯಾಗುವ ತನಕ ನನ್ನ ಬುತ್ತಿಯನ್ನು ಕಟ್ಟಿದವರು ಅವರೇ.

ಅವರ ಎದೆಯಲ್ಲಿ ಗಡ್ಡೆಯಿದ್ದದ್ದು ನಮಗೆ ತಿಳಿಯುವಷ್ಟರಲ್ಲಿ ಅದು ಬೆನ್ನುಮೂಳೆಗೆ ಇಳಿದಿತ್ತು. ಅವರು ಮುಚ್ಚಿಟ್ಟಿದ್ದರು. ಒಂದೇ ಸೂರಿನಡಿ ಇದ್ದುಕೊಂಡು ನಾನೂ ನೋಡಿರಲಿಲ್ಲ. ಸೊಂಟ ಹಿಡಿದುಕೊಂಡು ಕೊಡಪಾನ ಎತ್ತುತ್ತಿದ್ದದ್ದನ್ನು ಕಂಡಿದ್ದೆ. ವಯಸ್ಸಾಯಿತು, ಎಲ್ಲರಿಗೂ ಬರುವ ಸೊಂಟನೋವು ಅಂದುಕೊಂಡಿದ್ದೆ.

ದೊಡ್ಡ ಆಸ್ಪತ್ರೆಯಲ್ಲಿ ಕೆಲವು ತಿಂಗಳು ಓಡಾಡಿದೆವು. ಕೊನೆಗೊಂದು ದಿನ ಡಾಕ್ಟರು ನನ್ನನ್ನು ಬದಿಗೆ ಕರೆದರು. ಗುಣಪಡಿಸುವ ಚಿಕಿತ್ಸೆ ಇನ್ನಿಲ್ಲ, ನೋವಾಗದ ಹಾಗೆ ನೋಡಿಕೊಳ್ಳುವುದೇ ಇನ್ನು ಮಾಡಬೇಕಾದ ಕೆಲಸ, ಅದಕ್ಕೆಂದೇ ಆರೈಕೆ ಕೇಂದ್ರಗಳಿವೆ, ಹೋಗಿ ನೋಡಿ ಒಳ್ಳೆಯದನ್ನು ಆರಿಸಿಕೊಳ್ಳಿ ಎಂದರು. ಒಳ್ಳೆಯದು ಯಾವುದೆಂದು ನನಗೆ ತಿಳಿಯುವುದು ಹೇಗೆ ಎಂದು ಕೇಳಿದೆ. ಅಲ್ಲಿ ಮಲಗಿರುವವರನ್ನು ನೋಡಿ, ಅವರ ಹತ್ತಿರ ಮಾತಾಡಿ ಎಂದಷ್ಟೇ ಹೇಳಿ ಮುಂದಿನ ರೋಗಿಯ ಕಡೆಗೆ ಹೋದರು. ಅಕ್ಕ ಸ್ವಲ್ಪ ದೂರದಲ್ಲಿ ಗಾಲಿಕುರ್ಚಿಯಲ್ಲಿ ಕೂತಿದ್ದರು. ಡಾಕ್ಟರು ಏನೆಂದರು ಎಂದು ಅವರು ಕೇಳಲಿಲ್ಲ. ಮದ್ದು ಬರೆದುಕೊಟ್ಟಿದ್ದಾರೆ, ಮನೆಗೆ ಹೋಗುವುದಂತೆ ಎಂದು ನಾನಾಗಿಯೇ ಹೇಳಿದೆ. ಅವರು ತಲೆಯಾಡಿಸಿದರು.

ಮನೆಗೆ ಬಂದ ಮೇಲೆ ನೋವು ಶುರುವಾಯಿತು. ಅಷ್ಟರವರೆಗೆ ಇದ್ದದ್ದು ನೋವೇ ಅಲ್ಲ ಅನ್ನಿಸುವಂಥ ನೋವು. ಮಗ್ಗುಲು ಬದಲಿಸಲು ಹೋದರೆ ಅವರ ಬಾಯಿಂದ ಬರುತ್ತಿದ್ದ ಸದ್ದನ್ನು ಕೇಳಿ ನಾನು ಕೈ ಹಿಂದಕ್ಕೆ ತೆಗೆಯುತ್ತಿದ್ದೆ. ಗಂಡ ಹೋಟೆಲಿಗೆ ಹೋಗಿರುತ್ತಿದ್ದರು. ಮಗಳು ಮದುವೆಯಾಗಿ ದೂರ. ಹಗಲಿಡೀ ಮನೆಯಲ್ಲಿ ನಾವಿಬ್ಬರೇ. ಹತ್ತಿರದ ಕ್ಲಿನಿಕ್ಕಿನ ಡಾಕ್ಟರು ಬಂದು ಇಂಜೆಕ್ಷನ್ ಕೊಟ್ಟರು, ಇದಕ್ಕಿಂತ ಜೋರಿನ ಮದ್ದು ತಮ್ಮ ಹತ್ತಿರ ಇಲ್ಲ ಎಂದರು. ಒಂದು ಮಧ್ಯಾಹ್ನ ಅವರನ್ನು ಒರೆಸಲು ಬಿಸಿನೀರು ತಂದವಳು ಬಾಗಿಲಲ್ಲೇ ನಿಂತುಬಿಟ್ಟೆ. ಒಳಗೆ ಹೋದರೆ ಮುಟ್ಟಬೇಕು, ಮುಟ್ಟಿದರೆ ಅವರು ಕೂಗುತ್ತಾರೆ. ನೀರು ತಣಿಯುವ ತನಕ ನಿಂತಿದ್ದೆ. ಅವರು ಕಣ್ಣು ಮುಚ್ಚಿ ಮಲಗಿದ್ದರು, ನಾನು ನಿಂತದ್ದನ್ನು ಕಾಣಲಿಲ್ಲ ಅಂದುಕೊಂಡೆ.

ಅವತ್ತೇ ಜಾಗ ಹುಡುಕಬೇಕೆಂದು ನಿಶ್ಚಯಿಸಿದ್ದು. ಅಕ್ಕನಿಗೆ ಹೇಳಲಿಲ್ಲ. ಪಕ್ಕದ ಮನೆಯ ಹೆಂಗಸನ್ನು ಕೂರಿಸಿ, ಕುಂದಾಪುರದಲ್ಲಿ ಸೀಮಂತಕ್ಕೆ ಹೋಗಬೇಕು ಎಂದು ಸುಳ್ಳು ಹೇಳಿ, ಅದಕ್ಕೆ ಸರಿಯಾಗಿ ರೇಷ್ಮೆ ಸೀರೆಯನ್ನೂ ಉಟ್ಟುಕೊಂಡು ಬಸ್ಸು ಹತ್ತಿದೆ.

ಮೊದಲು ನೋಡಿದ್ದು ಬೈಂದೂರಿನ ಕಡೆ ಹೆದ್ದಾರಿಯ ಬದಿಗಿದ್ದ ಹೊಸ ಕೇಂದ್ರ. ಮೇಲಿನ ಮಹಡಿಯಿಂದ ಸಮುದ್ರ ಕಾಣುತ್ತಿತ್ತು. ನೆಲದಲ್ಲಿ ಮುಖ ಕಾಣುವಂಥ ಟೈಲ್ಸು, ಕಿಟಕಿಗೆ ತಿಳಿನೀಲಿ ಪರದೆ, ಒಂದೊಂದು ಕೋಣೆಗೂ ಒಂದೊಂದು ಹೂವಿನ ಹೆಸರು. ಮ್ಯಾನೇಜರು ನನ್ನನ್ನು ಎಸಿ ಕೋಣೆಯಲ್ಲಿ ಕೂರಿಸಿ ಕಾಫಿ ತರಿಸಿದರು. ಆಮೇಲೆ ಒಳಗೆ ಕರೆದುಕೊಂಡು ಹೋದರು. ಎಲ್ಲ ಮಂಚದಲ್ಲೂ ಬಿಳಿ ಚಾದರ, ಎಲ್ಲ ಮಂಚದಲ್ಲೂ ನಿದ್ದೆ. ಹೊತ್ತು ಇನ್ನೂ ಮಧ್ಯಾಹ್ನವಾಗಿರಲಿಲ್ಲ. ಎಲ್ಲರೂ ಮಲಗಿದ್ದಾರಲ್ಲ ಎಂದೆ. ನಮ್ಮಲ್ಲಿ ಯಾರಿಗೂ ಉಪದ್ರ ಇಲ್ಲ, ಆರಾಮಾಗಿ ಮಲಗಿರುತ್ತಾರೆ ಎಂದರು. ಒಂದು ಮಂಚದ ಬದಿಯ ಮೇಜಿನ ಮೇಲೆ ನೀರಿನ ಲೋಟ ಇತ್ತು. ಅಲ್ಲಿದ್ದ ಮುದುಕಿಯ ಕೈ ಅದಕ್ಕೆ ಎಟುಕುವ ಹಾಗಿರಲಿಲ್ಲ. ತುಟಿ ಒಡೆದು ಬಿಳಿಚಿತ್ತು. ನಾನು ಅದನ್ನು ನೋಡಿದೆ. ನೋಡಿ ಮುಂದೆ ಹೋದೆ.

ನೋವು ಜೋರಾದರೆ ಏನು ಮಾಡುತ್ತೀರಿ ಎಂದು ಕೇಳಿದ್ದಕ್ಕೆ, ಡಾಕ್ಟರು ಫೋನಿನಲ್ಲಿ ಸಿಗುತ್ತಾರೆ, ನಿದ್ದೆಯ ಇಂಜೆಕ್ಷನ್ ಕೊಡುತ್ತೇವೆ ಎಂದರು. ಮಾರ್ಫಿನ್ ಇಟ್ಟುಕೊಳ್ಳಲು ಪರವಾನಗಿಯ ರಗಳೆ ಬಹಳ, ಹಾಗಾಗಿ ಇಟ್ಟಿಲ್ಲವಂತೆ. ಮನೆಯವರು ಬಂದು ನೋಡುವುದು ಸಂಜೆ ಸ್ವಲ್ಪ ಹೊತ್ತು ಮಾತ್ರ, ಉಳಿದ ಹೊತ್ತಿನಲ್ಲಿ ಬಂದರೆ ರೋಗಿಗಳಿಗೆ ತೊಂದರೆಯಾಗುತ್ತದಂತೆ. ಈ ಮಾತು ಕೇಳಿದಾಗ ನನ್ನ ಮನಸ್ಸಿನಲ್ಲಿ ಏನಾಯಿತೆಂದು ಚೆನ್ನಾಗಿ ನೆನಪಿದೆ. ಬೇಸರವಾಗಲಿಲ್ಲ, ಭುಜದ ಮೇಲಿನ ಚೀಲವನ್ನು ಯಾರೋ ಇಳಿಸಿಕೊಂಡ ಹಾಗಾಯಿತು. ದಿನವಿಡೀ ಯಾಕೆ ಕೂರಲಿಲ್ಲ ಎಂದು ನಾಳೆ ಯಾರೂ ನನ್ನನ್ನು ಕೇಳುವ ಹಾಗಿಲ್ಲವಲ್ಲ.

ಎರಡನೆಯದು ಹಾಲಾಡಿಯಿಂದ ಕೆರಾಡಿ ಕಡೆಗೆ ಹೋಗುವ ದಾರಿಯಲ್ಲಿ, ಒಂದು ಹಳೆಯ ಅಕ್ಕಿ ಗಿರಣಿಯ ಕಟ್ಟಡವನ್ನು ರಿಪೇರಿ ಮಾಡಿಸಿ ಒಂದು ಟ್ರಸ್ಟ್ ನಡೆಸುತ್ತಿದ್ದದ್ದು. ನನ್ನ ಜೊತೆ ಪಾಠ ಮಾಡಿದ್ದ ಟೀಚರೊಬ್ಬರು ಹೇಳಿದರೆಂದು, ಮತ್ತೊಂದು ದಿನ, ಮತ್ತೊಂದು ಸುಳ್ಳು ಹೇಳಿ ಹೋದೆ. ಗೇಟಿನ ಒಳಗೆ ಕಾಲಿಟ್ಟ ಕೂಡಲೇ ಫಿನೈಲು ಮತ್ತು ಸಾರಿನ ಒಗ್ಗರಣೆ ಸೇರಿದ ವಾಸನೆ. ಒಳಗೆ ರೇಡಿಯೋ ಹಾಡುತ್ತಿತ್ತು. ಯಾರೋ ಅಜ್ಜ ದನವನ್ನು ಕರೆಯುವ ಹಾಗೆ ಕೂಗುತ್ತಿದ್ದ. ಒಬ್ಬ ಹೆಂಗಸು ಮಂಚದಲ್ಲಿ ಕೂತು ಗಂಜಿ ಉಣ್ಣುತ್ತಿದ್ದಳು, ಅವಳ ಮಗನೋ ತಮ್ಮನೋ ಕೆಳಗೆ ಚಾಪೆ ಹಾಸಿ ಗೊರಕೆ ಹೊಡೆಯುತ್ತಿದ್ದ. ಗೋಡೆಯ ಸುಣ್ಣ ಅಲ್ಲಲ್ಲಿ ಎದ್ದಿತ್ತು. ನನಗೆ ಹಿಡಿಸಲಿಲ್ಲ.

ಅಲ್ಲಿಯ ದೊಡ್ಡ ನರ್ಸ್ ನಡುವಯಸ್ಸಿನವರು, ಅದೇ ಕಡೆಯವರು. ಒಬ್ಬ ರೋಗಿಯ ಕಾಲಿನ ಉಗುರು ತೆಗೆಯುತ್ತಲೇ ನನ್ನ ಹತ್ತಿರ ಮಾತಾಡಿದರು. ಪ್ರಶ್ನೆ ಕೇಳಲು ಹೋದವಳು ನಾನು, ಕೇಳಿದ್ದು ಅವರು. ಕಾಯಿಲೆ ಎಲ್ಲಿಂದ ಶುರುವಾಯಿತು, ಈಗ ಯಾವ ಮದ್ದು, ಮಗ್ಗುಲಲ್ಲಿ ಹುಣ್ಣಾಗಿದೆಯೇ ಎಂದೆಲ್ಲ ಕೇಳಿ, ಆಮೇಲೆ ತಲೆಯೆತ್ತಿ, "ಅವ್ರಿಗ್ ಗೊತ್ತಿತ್ತಾ?" ಎಂದರು.

ನಾನು ಹೇಳಿಲ್ಲ ಎಂದೆ.

"ಅವ್ರಿಗ್ ತಿಂಬುಕೆ ಎಂತ ಇಷ್ಟ?"

ಎಲ್ಲವೂ ಇಷ್ಟ ಎಂದೆ. ನರ್ಸ್ ಕಾದರು. ಎಲ್ಲರಿಗೂ ಒಂದಲ್ಲ ಒಂದು ಇಷ್ಟದ್ದು ಇರುತ್ತದೆ ಎನ್ನುವ ಹಾಗೆ ನನ್ನ ಮುಖ ನೋಡುತ್ತಿದ್ದರು. ನನಗೆ ಏನೂ ನೆನಪಾಗಲಿಲ್ಲ. ಅಷ್ಟು ವರ್ಷ ಅಕ್ಕನ ಕೈಯಡುಗೆ ಉಂಡಿದ್ದೆ. ಗಂಡನಿಗೆ ಬಂಗುಡೆಯ ಗಸಿ ಆಗಬೇಕು, ನನಗೆ ಹೀರೆಕಾಯಿ ಆಗದು, ಮಗಳಿಗೆ ದೋಸೆ ಗರಿಗರಿ ಇರಬೇಕು. ಇದೆಲ್ಲ ಅಕ್ಕನಿಗೆ ಗೊತ್ತಿತ್ತು. ಅಕ್ಕನಿಗೆ ಏನು ಬೇಕೆಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆ ಹೆಂಗಸಿನ ಎದುರು ಮುಖ ಬಿಸಿಯಾಯಿತು, ಬಿಸಿಯಾದದ್ದು ಸಿಟ್ಟಾಯಿತು. ಇದೆಲ್ಲ ಇವರಿಗೆ ಯಾಕೆ ಬೇಕು, ಬಂದವರಿಗೆ ಜಾಗ ತೋರಿಸುವುದು ಬಿಟ್ಟು ಎಂದುಕೊಂಡೆ.

ಹೊರಡುವಾಗ ನರ್ಸ್, "ಒಂದ್ಸಲ ಅವ್ರನ್ನೇ ಕರ್ಕಂಡ್ ಬನ್ನಿ ಅಮ್ಮ. ಇಪ್ಪುದ್ ಅವ್ರ್ ಅಲ್ದಾ, ಅವ್ರೇ ಕಾಣ್ಲಿ," ಎಂದರು. ಸುಳ್ಳು ಹೇಳಿ ತಂದು ಮಲಗಿಸಿದವರನ್ನು ಸಮಾಧಾನ ಮಾಡುವುದು ತಮ್ಮಿಂದಲೂ ಆಗುವುದಿಲ್ಲ ಎಂದೂ ಸೇರಿಸಿದರು.

ಗಂಡನಿಗೆ ನಾನು ಹೇಳಿದ್ದು ಬೈಂದೂರಿನ ಕಡೆಯದ್ದೇ ವಾಸಿ ಎಂದು. ಚೊಕ್ಕವಿದೆ, ಸಮುದ್ರದ ಗಾಳಿ ಬರುತ್ತದೆ, ಇನ್ನೊಂದು ಗಿರಣಿಯ ಕೊಟ್ಟಿಗೆಯ ಹಾಗಿದೆ ಎಂದೆ. ನೀರಿನ ಲೋಟದ ಸಂಗತಿ ಹೇಳಲಿಲ್ಲ. ಎಲ್ಲರೂ ನಿದ್ದೆಯಲ್ಲಿದ್ದದ್ದನ್ನೂ ಹೇಳಲಿಲ್ಲ. ಅತ್ತಿಗೆಯನ್ನು ಹೊರಗೆ ಕಳಿಸುವುದೆಂದರೆ ಅವರಿಗೂ ಎದೆಯ ಮೇಲೆ ಕಲ್ಲು ಇಟ್ಟ ಹಾಗೆಯೇ. ಆದರೆ ಅತ್ತಿಗೆಯ ಮೈಯನ್ನು ತೊಳೆದು ಒರೆಸುವುದು ಅವರಿಂದಾಗುವ ಕೆಲಸವಲ್ಲ, ಅದು ನನ್ನದು. ಹಾಗಾಗಿ ನಿನಗೆ ಸರಿ ಕಂಡದ್ದನ್ನು ಮಾಡು ಎಂದರು. ನಾನು ಬೈಂದೂರಿನ ಕಡೆಯ ಕೇಂದ್ರಕ್ಕೆ ಫೋನ್ ಮಾಡಿ ಜಾಗ ಇದ್ದರೆ ತಿಳಿಸಿ ಎಂದೆ.

ಅವರು ತಿಳಿಸಿದರು. ನಾನು ಅಂಗಡಿಗೆ ಹೋದಾಗ ಮೊಬೈಲನ್ನು ಅಕ್ಕನ ಮಂಚದ ಬದಿಯಲ್ಲೇ ಬಿಟ್ಟಿದ್ದೆ. ತಿರುಗಿ ಬಂದಾಗ ಅಕ್ಕ ದಿಂಬಿಗೆ ಒರಗಿ ಕೂತಿದ್ದರು. ಕೂರಲು ಎಷ್ಟು ಕಷ್ಟಪಟ್ಟಿದ್ದರೆಂದು ಹಣೆಯ ಬೆವರು ನೋಡಿದರೆ ಗೊತ್ತಾಗುತ್ತಿತ್ತು.

"ಬೈಂದೂರ್ ಬದಿಯಿಂದ ಫೋನ್ ಬಂದಿತ್ತ್," ಎಂದರು. "ಮಂಚ ಖಾಲಿ ಆಯ್ತ್ ಅಂಬ್ರ್. ಪೇಶೆಂಟಿನ ಯಾವಾಗ ಕರ್ಕಂಡ್ ಬತ್ರಿ ಅಂದ್ ಕೇಂಡ್ರ್. ಮಾತಾಡುದ್ ಪೇಶೆಂಟೇ ಅಂದೆ."

ನನ್ನ ಕೈಯಲ್ಲಿ ತರಕಾರಿ ಚೀಲ ಹಾಗೇ ಇತ್ತು. ಡಾಕ್ಟರು ಹೇಳಿದ್ದರು, ನಿಮ್ಮ ನೋವಿಗಾಗಿ, ಸ್ವಲ್ಪ ದಿನಕ್ಕೆ, ಎಂದು ತುಂಡು ತುಂಡಾಗಿ ಏನೇನೋ ಹೇಳಿದೆ. ಅವರು ಕೈಯೆತ್ತಿ ತಡೆದರು. ಸಿಟ್ಟಾಗಿದ್ದರೆ, ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತೇನೋ. ಡಾಕ್ಟರು ಬದಿಗೆ ಕರೆದ ದಿನವೇ ತನಗೆ ತಿಳಿದಿತ್ತು ಎಂದರು. ಮುಂಬೈಯಲ್ಲಿ ಭಾವನನ್ನು ಕೊನೆಗೆ ಮನೆಗೆ ಕಳಿಸುವಾಗಲೂ ಡಾಕ್ಟರು ಹಾಗೇ ಬದಿಗೆ ಕರೆದಿದ್ದರಂತೆ. ಎಷ್ಟು ಜಾಗ ನೋಡಿದೆ ಎಂದು ಕೇಳಿದರು. ಎರಡು ಎಂದೆ.

"ನೀನ್ ಕಂಡದ್ದ್ ಸಾಕ್. ಇನ್ ನಾನ್ ಕಾಂತೆ," ಎಂದರು.

ಗಂಡ ಒಂದು ದಿನ ಹೋಟೆಲಿಗೆ ರಜೆ ಹಾಕಿ, ಪರಿಚಯದವರ ವ್ಯಾನು ತಂದರು. ಹಿಂದಿನ ಸೀಟಿನಲ್ಲಿ ಹಾಸಿಗೆ ಹಾಸಿ ಅಕ್ಕನನ್ನು ಮಲಗಿಸಿದೆವು. ಹೊರಡುವ ಮೊದಲು ಅವರು ಮುಖ ತೊಳೆಸಿಕೊಂಡು, ತಲೆ ಬಾಚಿಸಿಕೊಂಡು, ಟ್ರಂಕಿನಲ್ಲಿದ್ದ ಹಸಿರು ಸೀರೆಯನ್ನು ಕೇಳಿ ಉಟ್ಟರು.

ಬೈಂದೂರಿನ ಕಡೆಯ ಕೇಂದ್ರದಲ್ಲಿ ಮ್ಯಾನೇಜರು ಗಾಲಿಕುರ್ಚಿ ತರಿಸಿದರು. ಅಕ್ಕ ಮೊದಲು ಕೇಳಿದ್ದು ಅಡುಗೆಮನೆ ತೋರಿಸಿ ಎಂದು. ಅಡುಗೆಮನೆ ಇಲ್ಲ, ಊಟ ಹೊರಗಿನಿಂದ ಬರುತ್ತದೆ ಎಂದರು. ಅವರು ಹಾಗೆಂದದ್ದು ಅಕ್ಕನಿಗಲ್ಲ, ಅಕ್ಕನ ತಲೆಯ ಮೇಲಿಂದ ನನಗೆ. ಒಳಗೆ ಹೋದಾಗ ಮೊನ್ನೆಯ ಮುದುಕಿ ಅದೇ ಮಂಚದಲ್ಲಿದ್ದರು. ಅಕ್ಕ ತಮ್ಮ ಕುರ್ಚಿಯನ್ನು ನಿಲ್ಲಿಸಲು ಹೇಳಿ, ಮೇಜಿನ ಮೇಲಿದ್ದ ಲೋಟವನ್ನು ತೆಗೆದು, ನನಗೆ ಕೊಟ್ಟು, ಕುಡಿಸು ಎಂದು ಸನ್ನೆ ಮಾಡಿದರು. ನಾನು ಕುಡಿಸಿದೆ. ಮುದುಕಿ ಕಣ್ಣು ತೆರೆಯದೆಯೇ ಗುಟುಕು ಗುಟುಕಾಗಿ ಲೋಟದಷ್ಟನ್ನೂ ಕುಡಿದರು. ಮ್ಯಾನೇಜರು ಯಾರನ್ನೋ ಕೂಗಿ ಗದರಿದರು.

ಆಮೇಲೆ ಅಕ್ಕ, "ಇಲ್ಲ್ ಸತ್ತವ್ರನ್ನ ಯಾವ ಬಾಗ್ಲಂಗ್ ಹೊರಗ್ ತಕಂಡ್ ಹೋತ್ರಿ?" ಎಂದು ಕೇಳಿದರು.

ಮ್ಯಾನೇಜರು ನನ್ನ ಕಡೆ ತಿರುಗಿ, ಅಮ್ಮನಿಗೆ ಈಗ ಅದೆಲ್ಲ ಯಾಕೆ, ಒಳ್ಳೆಯದು ಮಾತಾಡಲು ಹೇಳಿ ಎಂದರು.

"ಕೇಂಡದ್ದ್ ನಾನ್. ನಂಗ್ ಹೇಳಿ."

ಹಿಂದೆ ಒಂದು ಗೇಟಿದೆ, ಆಂಬುಲೆನ್ಸು ಅಲ್ಲಿಗೇ ಬರುತ್ತದೆ, ಉಳಿದವರಿಗೆ ಗೊತ್ತಾಗಬಾರದಲ್ಲ ಎಂದರು. ಅಕ್ಕ ಆಯಿತು ಎಂದರು. ಅಲ್ಲಿ ಮತ್ತೇನೂ ಕೇಳಲಿಲ್ಲ.

ಅಕ್ಕನನ್ನು ಮತ್ತೆ ವ್ಯಾನಿನಲ್ಲಿ ಮಲಗಿಸಿದೆವು. ಕುಂದಾಪುರ ದಾಟಿ ಒಳದಾರಿಗೆ ತಿರುಗಿದ ಮೇಲೆ, "ಆ ಅಮ್ಮನ ಲೋಟ ದೂರ ಇದ್ದಿತ್, ಮೊದ್ಲ್ ಬಂದಾಗ ನೀನ್ ಕಾಣ್ಲಿಲ್ಯಾ?" ಎಂದು ಕೇಳಿದರು. ಗಮನಿಸಲಿಲ್ಲ ಎಂದೆ. ಅಲ್ಲಿಯೂ ಸುಳ್ಳು. ಗಂಡ ಕನ್ನಡಿಯಲ್ಲಿ ನನ್ನನ್ನು ಒಮ್ಮೆ ನೋಡಿದರು.

ಗಿರಣಿಯ ಕೇಂದ್ರ ಮುಟ್ಟುವಾಗ ರಸ್ತೆಯ ಹೊಂಡಕ್ಕೆ ಬಿದ್ದು ಬಿದ್ದು ಅಕ್ಕನಿಗೆ ನೋವು ತಡೆಯಲಾಗುತ್ತಿರಲಿಲ್ಲ. ನರ್ಸ್ ಮಾತಿಗೆ ಮೊದಲು ಅವರನ್ನು ಒಂದು ಮಂಚದಲ್ಲಿ ಮಲಗಿಸಿ, ಅಲ್ಲಿಯ ಡಾಕ್ಟರನ್ನು ಕರೆಸಿ ಮದ್ದು ಕೊಡಿಸಿದರು. ಸೇರಿಸುವುದೋ ಬಿಡುವುದೋ ಆಮೇಲಿನ ಮಾತು ಎಂದರು. ಅರ್ಧ ತಾಸು ಕಳೆದಿರಬಹುದು, ಅಕ್ಕನ ಹುಬ್ಬಿನ ಗಂಟು ಸಡಿಲಾಯಿತು. ಆ ಗಂಟನ್ನು ಎಷ್ಟು ದಿನದಿಂದ ನೋಡುತ್ತಿದ್ದೆನೆಂದರೆ, ಅದಿಲ್ಲದ ಮುಖ ನನಗೆ ಮರೆತೇಹೋಗಿತ್ತು. ಸ್ಟೂಲು ಎಳೆದು ತಲೆದಿಂಬಿನ ಹತ್ತಿರ ಕೂತು ನರ್ಸ್ ಅವರೊಂದಿಗೇ ಮಾತಾಡಿದರು. ನಾನೂ ನನ್ನ ಗಂಡನೂ ಕಾಲಬದಿಯಲ್ಲಿ ನಿಂತಿದ್ದೆವು. ನೋವು ಪೂರ್ತಿ ಹೋಗುತ್ತದೆಯೇ ಎಂದು ಅಕ್ಕ ಕೇಳಿದರು. ಪೂರ್ತಿ ಎಂದು ಮಾತು ಕೊಡಲಾಗದು, ತಡೆದುಕೊಳ್ಳುವ ಹಾಗೆ ಮಾಡಬಹುದು, ಮಾರ್ಫಿನ್ನಿನಿಂದ ಹೊಟ್ಟೆ ಕಟ್ಟುತ್ತದೆ, ಅದಕ್ಕೂ ಮದ್ದು ಕೊಡುತ್ತೇವೆ ಎಂದರು ನರ್ಸ್. ಬಾಗಿಲಿನ ಪ್ರಶ್ನೆಯನ್ನು ಅಕ್ಕ ಇಲ್ಲಿಯೂ ಕೇಳಿದರು.

"ಬಂದ ಬಾಗ್ಲಂಗೇ," ಎಂದರು ನರ್ಸ್. "ಎದ್ದ್ ನಿಂತ್ಕಂಬುಕ್ ಆಪ್ಪವ್ರ್ ಎದ್ದ್ ನಿಂತ್ಕಂತ್ರ್."

ಏನು ತಿನ್ನಲು ಇಷ್ಟ ಎಂದು ಕೇಳಿದಾಗ ಅಕ್ಕ ಸ್ವಲ್ಪ ನಾಚಿದರು. ಒಣ ಬೊಂಬಿಲು ಮೀನು ಎಂದರು. ಮುಂಬೈಯಲ್ಲಿ ತಿನ್ನುತ್ತಿದ್ದರಂತೆ, ಕೆಂಡದಲ್ಲಿ ಸುಟ್ಟು, ಈರುಳ್ಳಿ ಮೆಣಸು ಗುದ್ದಿ. ನಮ್ಮ ಮನೆಗೆ ಬಂದ ಹೊಸತರಲ್ಲಿ ಒಮ್ಮೆ ಸುಟ್ಟಿದ್ದರು. ಆ ಒಣಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡು ಕಿಟಕಿ ತೆರೆದವಳು ನಾನೇ. ಆಮೇಲೆ ಸುಟ್ಟಿರಲಿಲ್ಲ.

ಇನ್ನು ಹೇಳಬೇಕಾದದ್ದು ಆ ಮಧ್ಯಾಹ್ನ ಆಮೇಲೆ ನಡೆದದ್ದು. ಎಷ್ಟು ಸಲ ನೆನಸಿಕೊಂಡರೂ ಅದು ಅಲ್ಲಿಗೇ ಬಂದು ನಿಲ್ಲುತ್ತದೆ. ಎಲ್ಲ ಮಾತಾದ ಮೇಲೆ ನರ್ಸ್ ನನ್ನ ಕಡೆ ತಿರುಗಿದರು. "ನಮ್ ಗಾಡಿ ಬ್ರಹ್ಮಾವರದ್ವರೆಗೂ ಬತ್ತ್ ಅಮ್ಮ. ಮನ್ಯಂಗೇ ಇಟ್ಕಂತ್ರಿ ಅಂದ್ರೆ ನಾವೇ ಬಂದ್ ಕಾಂತ್. ಮದ್ದ್ ಹ್ಯಾಂಗ್ ಕೊಡುದ್, ಹ್ಯಾಂಗ್ ಮಗ್ಗುಲ್ ತಿರ್ಗ್ಸುದ್, ಎಲ್ಲ ಹೇಳ್ಕೊಡ್ತ್," ಎಂದರು.

ನೋವಿಗೆ ಮದ್ದಿದೆ ಎಂದು ಆಗಷ್ಟೇ ಕಣ್ಣಾರೆ ಕಂಡಿದ್ದೆ. ಕಲಿಸುತ್ತೇವೆ ಎನ್ನುವವರಿದ್ದಾರೆ. ನಾನು ನಿವೃತ್ತಳು, ಹಗಲಿಡೀ ಮನೆಯಲ್ಲಿರುವವಳು. ಮನೆಗೇ ಕರೆದುಕೊಂಡು ಹೋಗುತ್ತೇವೆ ಎಂದು ಹೇಳಲು ಒಂದು ಮಾತು ಸಾಕಿತ್ತು. ನಾನು ಮಂಚದ ಕಾಲಿನ ಕಬ್ಬಿಣವನ್ನು ಹಿಡಿದುಕೊಂಡು ನಿಂತಿದ್ದೆ. ನನ್ನ ಗಂಡ ನನ್ನನ್ನು ನೋಡಿದರು. ಅಕ್ಕನೂ ನೋಡಿದರು. ಆ ಸುಮ್ಮನಿದ್ದ ಹೊತ್ತು ಬಹಳವೇನಲ್ಲ, ಹೊರಗೆ ಯಾರೋ ಬಾವಿಯಿಂದ ಒಂದು ಕೊಡ ನೀರು ಸೇದಿದಷ್ಟು.

"ಮನಿ ಬ್ಯಾಡ. ಇಲ್ಲೇ ಅಡ್ಡಿಲ್ಲೆ," ಎಂದರು ಅಕ್ಕ, ನರ್ಸಿನ ಹತ್ತಿರ. ಅಡುಗೆಮನೆಯಲ್ಲಿ ಹಬೆ ಬರುತ್ತಿದೆ, ಜನ ಮಾತಾಡುತ್ತಿದ್ದಾರೆ, ತನಗೆ ಇಂಥದ್ದೇ ಅಭ್ಯಾಸ, ಖಾನಾವಳಿಯ ಹಾಗಿದೆ ಎಂದು ನಗುತ್ತಾ ಹೇಳಿದರು.

ನಾನು ಉಸಿರು ಬಿಟ್ಟೆ. ಅದು ಅವರಿಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ.

ಅಲ್ಲಿ ಅವರು ಚೆನ್ನಾಗಿದ್ದರು. ಹೇಳಿಕೊಳ್ಳಲು ಸಂತೋಷವೇ ಆಗಬೇಕಾದ ಮಾತಿದು. ವಾರದೊಳಗೆ ದಿಂಬಿಗೆ ಒರಗಿ ಕೂರತೊಡಗಿದರು. ಅಲ್ಲಿಯವರು ಬಾಯಿ ಒಣಗದ ಹಾಗೆ ಆಗಾಗ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದರು, ಮಗ್ಗುಲು ತಿರುಗಿಸುವ ಮೊದಲು ಮದ್ದು ಕೊಟ್ಟು ಅದು ಹಿಡಿಯುವ ತನಕ ಕಾಯುತ್ತಿದ್ದರು. ಇಷ್ಟೇ ಸಣ್ಣ ಸಂಗತಿಗಳು. ಮನೆಯಲ್ಲಿ ನಾನು ಮದ್ದು ಕೊಟ್ಟ ಕೂಡಲೇ, ಮುಗಿಸಿಬಿಡುವ ಗಡಿಬಿಡಿಯಲ್ಲಿ ತಿರುಗಿಸುತ್ತಿದ್ದೆ. ಅಡುಗೆಯವಳು ಹಿತ್ತಲಿನಲ್ಲಿ ಕೆಂಡ ಮಾಡಿ ಬೊಂಬಿಲು ಸುಟ್ಟುಕೊಟ್ಟಳು. ಕುಂದಾಪುರದ ಮೀನು ಮಾರ್ಕೆಟಿನಲ್ಲಿ ಹುಡುಕಿ ತಂದುಕೊಟ್ಟವಳು ನಾನು. ಅಕ್ಕ ಬೆರಳ ತುದಿಯಷ್ಟು ತಿಂದು, ಉಪ್ಪು ಜಾಸ್ತಿ, ಮುಂಬೈಯದ್ದು ಹೀಗಿರಲಿಲ್ಲ ಎಂದು ಅಡುಗೆಯವಳಿಗೆ ಪಾಠ ಮಾಡಿದರು. ದನ ಕರೆಯುವ ಅಜ್ಜನಿಗೆ ಅವರೇ ಇಲ್ಲಿಂದ "ಬಂತ್ ಬಂತ್, ಹಟ್ಟಿಗ್ ಬಂತ್" ಎಂದು ಉತ್ತರ ಕೊಡುತ್ತಿದ್ದರು, ಅವನು ಸುಮ್ಮನಾಗುತ್ತಿದ್ದ.

ನಾನು ದಿನವೂ ಹೋಗುತ್ತಿದ್ದೆ. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುವುದು. ಹಾಲಾಡಿ ಪೇಟೆಯಲ್ಲಿ ಬಸ್ಸು ಬದಲಿಸುವಾಗ, ಶಾಲೆಗೆ ಹೋಗುತ್ತಿದ್ದ ದಾರಿಯೇ ಇದು, ಆಗ ಅಕ್ಕ ಮನೆಯಲ್ಲಿದ್ದರು ಎಂದು ನೆನಪಾಗುತ್ತಿತ್ತು. ಯಾವಾಗ ಬೇಕಾದರೂ ಬನ್ನಿ ಎಂದು ಅಲ್ಲಿಯವರು ಹೇಳಿದ್ದರು. ಹೋಗದಿರಲು ನೆವ ಇರಲಿಲ್ಲ.

ಊರಿನಲ್ಲಿ ಮಾತಾಯಿತು. ಕುಂದಾಪುರದಲ್ಲಿ ಒಂದು ಮದುವೆಗೆ ಹೋದಾಗ ಊಟದ ಪಂಕ್ತಿಯಲ್ಲಿ ಹಿಂದಿನ ಸಾಲಿನವರು ಆಡಿಕೊಳ್ಳುವುದು ಕೇಳಿತು. ಮಗುವನ್ನು ಸಾಕಲು ಓರಗಿತ್ತಿ ಬೇಕಿತ್ತು, ಹಾಸಿಗೆ ಹಿಡಿದಾಗ ಬೇಡವಾಯಿತು, ಸ್ವಂತ ಅಕ್ಕನಾಗಿದ್ದರೆ ಹಾಗೆ ಹಾಕಿ ಬರುತ್ತಿದ್ದಳೇ ಎಂದು. ಗಂಡ ಎದ್ದು ಜಗಳಕ್ಕೆ ಹೋಗುವವರಿದ್ದರು, ನಾನು ತಡೆದೆ. ಅಲ್ಲಿ ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಾರೆಂದು ಅವರಿಗೆ ವಿವರಿಸಬಹುದಿತ್ತು. ಆದರೆ ಅವರು ಕೇಳುತ್ತಿದ್ದದ್ದು ಅದನ್ನಲ್ಲ. ಎಲೆ ಮಡಚಿ ಕೈತೊಳೆಯಲು ಎದ್ದೆ.

ಆ ಮದುವೆಯ ಮಾರನೆಯ ದಿನ ಅಕ್ಕನ ಕೂದಲಿಗೆ ಎಣ್ಣೆ ಹಚ್ಚುತ್ತಾ, ಮನೆಗೆ ಹೋಗೋಣ ಅಕ್ಕ, ನಾನೀಗ ಎಲ್ಲ ಕಲಿತಿದ್ದೇನೆ ಎಂದೆ. ನಿಜವಾಗಿಯೂ ಕಲಿತಿದ್ದೆ. ನರ್ಸಿನ ಜೊತೆ ಸೇರಿ ಅವರನ್ನು ತಿರುಗಿಸುತ್ತಿದ್ದೆ, ಹುಣ್ಣಿಗೆ ಬಟ್ಟೆ ಕಟ್ಟುತ್ತಿದ್ದೆ. ಅಕ್ಕ ಕಣ್ಣು ಮುಚ್ಚಿಯೇ ಇದ್ದರು.

"ಜನ ಎಂತಾರೂ ಹೇಳಿದ್ರಾ?" ಎಂದರು.

ಇಲ್ಲ ಎಂದೆ.

"ಒಂದಿನ ಬಿಸ್ನೀರ್ ಹಿಡ್ಕಂಡ್ ಬಾಗ್ಲಂಗೇ ನಿಂತಿದ್ದೆ ನೀನ್. ನಾನ್ ಕಂಡಿದ್ದೆ," ಎಂದರು. "ಹೆದ್ರಿದವ್ರ್ ಕೈಯಂಗೆ ಸಾಯುಕೆ ನಂಗೂ ಹೆದ್ರಿಕೆ, ಹೆಣ್ಣೇ. ಇಲ್ಲ್ ಯಾರೂ ಹೆದ್ರುದಿಲ್ಲೆ. ನೀನೂ ಇಲ್ಲ್ ಹೆದ್ರುದಿಲ್ಲೆ. ಅದ್ಕೇ."

ಅದು ನನ್ನನ್ನು ಸಮಾಧಾನಪಡಿಸಲು ಹೇಳಿದ್ದೋ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದೋ. ಅಕ್ಕ ಸುಳ್ಳು ಹೇಳುವವರಲ್ಲ. ಆದರೆ ನಮ್ಮ ಮನೆಯಲ್ಲಿ ಬೊಂಬಿಲು ಸುಡುವುದನ್ನು ಬಿಟ್ಟಾಗಲೂ ಅವರು ಯಾವ ಕಾರಣವನ್ನೂ ಹೇಳಿರಲಿಲ್ಲ. ನಾನು ಮತ್ತೆ ಒತ್ತಾಯಿಸಲಿಲ್ಲ. ಇನ್ನೊಮ್ಮೆ ಕೇಳಬೇಕಿತ್ತು ಎಂದು ಈಗ ಅನ್ನಿಸುತ್ತದೆ. ನಾನು ಕೇಳಿದ್ದು ತನಗಾಗಿಯೋ, ಪಂಕ್ತಿಯಲ್ಲಿ ಆಡಿಕೊಂಡವರಿಗಾಗಿಯೋ ಎಂದು ಅವರು ತೂಗಿ ನೋಡಿರಬಹುದು.

ತೀರಿಕೊಂಡದ್ದು ಒಂದು ಬೆಳಿಗ್ಗೆ, ಚೆನ್ನಾಗಿ ಬಿಸಿಲು ಬಂದ ಮೇಲೆ. ನಾಲ್ಕಾರು ದಿನ ಮೊದಲೇ ನರ್ಸ್ ನಮಗೆ ಹೇಳಿದ್ದರಿಂದ ನಾನು ಅಲ್ಲೇ ಉಳಿದಿದ್ದೆ. ಉಸಿರು ಹೇಗೆ ಬದಲಾಗುತ್ತದೆ, ಯಾವ ಸದ್ದು ಬರುತ್ತದೆ, ಆ ಸದ್ದು ಅವರಿಗೆ ನೋವಲ್ಲ ಎಂದೆಲ್ಲ ಮೊದಲೇ ತಿಳಿಸಿದ್ದರು. ನಾನು ಪಾದ ಹಿಡಿದು ಕೂತಿದ್ದೆ, ನನ್ನ ಗಂಡ ತಲೆಯ ಹತ್ತಿರ. ಹೆದರಿಕೆಯಾಗಲಿಲ್ಲ. ಆ ಮಾತು ಅಕ್ಕ ಹೇಳಿದ ಹಾಗೆಯೇ ಆಯಿತು. ಬಂದ ಬಾಗಿಲಲ್ಲೇ ಹೊರಗೆ ತಂದರು. ಗಂಜಿ ಉಣ್ಣುತ್ತಿದ್ದ ಹೆಂಗಸು ಗೋಡೆ ಹಿಡಿದು ಎದ್ದು ನಿಂತಿದ್ದಳು.

ವೈಕುಂಠ ಸಮಾರಾಧನೆ ಎಲ್ಲ ಮುಗಿದು, ನೆಂಟರೆಲ್ಲ ಹೋದ ಮೇಲೆ ಆ ನರ್ಸ್ ಫೋನ್ ಮಾಡಿದರು. ಉಣ್ಣುತ್ತಿದ್ದೀರಾ, ನಿದ್ದೆ ಬರುತ್ತದೆಯೇ ಎಂದು ನನ್ನನ್ನೇ ವಿಚಾರಿಸಿದರು. ನೋಡಿಕೊಂಡದ್ದರಲ್ಲಿ ಕೊರತೆ ಏನಾದರೂ ಇತ್ತೇ, ಇದ್ದರೆ ಹೇಳಿ, ತಿದ್ದಿಕೊಳ್ಳುತ್ತೇವೆ ಎಂದೂ ಕೇಳಿದರು. ರಸ್ತೆಯ ಹೊಂಡ ಮುಚ್ಚಿಸಬೇಕು ಎಂದೆ. ಅವರು ನಕ್ಕರು. ಅವರಲ್ಲಿ ಹುಡುಕಿದರೂ ನನಗೆ ಬೇರೆ ಕೊರತೆ ಸಿಗಲಿಲ್ಲ.

ಈಗ ಕೆಲವರು ನನ್ನನ್ನು ಕೇಳಿಕೊಂಡು ಬರುತ್ತಾರೆ. ನನಗೆ ಅಂಥ ಜಾಗಗಳ ವಿಷಯ ಗೊತ್ತು ಎಂದು ಹೇಗೋ ಹಬ್ಬಿದೆ. ಮೊನ್ನೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ಅತ್ತೆಗೆಂದು ಕೇಳಿದಳು. ಅವಳ ಜೊತೆ ಬಸ್ಸಿನಲ್ಲಿ ಗಿರಣಿಯ ಕೇಂದ್ರಕ್ಕೆ ಹೋದೆ. ಹೋಗುತ್ತಾ ಹೇಳಿದೆ: ಊಟದ ಹೊತ್ತಿಗೆ ಹೋಗಿ ನೋಡಬೇಕು, ನೀರು ಕೈಗೆ ಎಟುಕುತ್ತದೆಯೇ ನೋಡಬೇಕು, ಅವರು ರೋಗಿಯ ಹತ್ತಿರ ಮಾತಾಡುತ್ತಾರೋ ನಿನ್ನ ಹತ್ತಿರವೋ ಗಮನಿಸಬೇಕು, ಮಾರ್ಫಿನ್ ಇದೆಯೇ ಕೇಳಬೇಕು, ಮೊದಲು ಅತ್ತೆಯನ್ನೇ ಕೇಳಬೇಕು. ಅವಳು ಎಲ್ಲದಕ್ಕೂ ತಲೆಯಾಡಿಸಿದಳು. ಬುದ್ಧಿವಂತೆ, ಶಾಲೆಯಲ್ಲಿದ್ದಾಗಲೂ ಹಾಗೆಯೇ.

ತಿರುಗಿ ಬರುವಾಗ ಅವಳು ಕಿಟಕಿಯ ಕಡೆ ಮುಖ ಮಾಡಿಕೊಂಡು, ನಿಮ್ಮ ಅಕ್ಕನಿಗೆ ಅಲ್ಲಿ ಖುಷಿಯಿತ್ತೇ ಎಂದು ಕೇಳಿದಳು. ಇತ್ತು ಎಂದೆ.

"ಮನ್ಯಂಗ್ ಕಂಡ್ಕಂಬುಕ್ ಆತಿರ್ಲಿಲ್ಯಾ ಟೀಚರ್?"

ಆಗುತ್ತಿತ್ತು ಎಂಬ ಮಾತನ್ನು ಗಂಡನಿಗೂ ಮಗಳಿಗೂ ನಾನು ಬಾಯಿಬಿಟ್ಟು ಹೇಳಿರಲಿಲ್ಲ.

"ಆತಿದ್ದಿತ್," ಎಂದೆ.

ಅವಳು ನನ್ನ ಮುಖ ನೋಡಿದಳು. ಇನ್ನೇನೋ ಕೇಳುವವಳಿದ್ದಳು, ಅಷ್ಟರಲ್ಲಿ ಹಾಲಾಡಿ ಬಂತು. ಬ್ರಹ್ಮಾವರದ ಬಸ್ಸು ಹೊರಡಲು ನಿಂತಿತ್ತು, ಇಬ್ಬರೂ ಓಡಿ ಹತ್ತಿದೆವು.